ತೆಳುವಾದ ಡಾಂಬರು, ಬಿಗಿಯಾದ ಹಿಡಿತ

ದಸರೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಮೈಸೂರಿನ ರಸ್ತೆಗಳಿಗೆ ಡಾಂಬರು ಬೀಳತೊಡಗುತ್ತದೆ. ರಾತ್ರಿಯೆಲ್ಲ ಡಾಂಬರು ಹಾಸುವ ಪೇವರ್ ಯಂತ್ರವೂ ರೋಲರೂ ಓಡಾಡಿ, ಬೆಳಿಗ್ಗೆ ಹಾಲಿಗೆಂದು ಹೊರಟವರ ಕಣ್ಣಿಗೆ ಬೀದಿ ಕಪ್ಪಗೆ ಮಿರಮಿರನೆ ಹೊಳೆಯುತ್ತಿರುತ್ತದೆ. ನೋಡಿದವರು ‘ಈ ಸಲ ಪರವಾಗಿಲ್ಲ, ನೈಸಾಗಿ ಹಾಕಿದ್ದಾರೆ’ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಗುಂಡಿ ಇರಬಾರದು, ಗಾಡಿ ಕುಲುಕಬಾರದು, ನೋಡಲು ಕಪ್ಪಗಿರಬೇಕು ಎಂಬ ಮೂರು ಮಾತುಗಳಲ್ಲಿ ರಸ್ತೆಯ ಯೋಗ್ಯತೆ ತೀರ್ಮಾನವಾಗಿಬಿಡುತ್ತದೆ. ಮಳೆ ಹಿಡಿದಾಗ ಆ ರಸ್ತೆ ಚಕ್ರವನ್ನು ಹಿಡಿದು ನಿಲ್ಲಿಸೀತೇ ಎಂದು ಕೇಳುವವರು ಇಲ್ಲವೆನ್ನುವಷ್ಟು ಕಡಿಮೆ. ರಸ್ತೆ ಸಾಮಗ್ರಿಗಳನ್ನು ಪರೀಕ್ಷಿಸುವ ಕೆಲಸದಲ್ಲೇ ಬದುಕು ಕಳೆದಿರುವ ನನಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎನ್ನಿಸುತ್ತದೆ. ಅದಕ್ಕೆ ಸಿಗುವ ಉತ್ತರ ದಪ್ಪನೆಯ ಡಾಂಬರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಸರಿಯಾದ ಕಲ್ಲನ್ನು ಹಾಕಿ ಸರಿಯಾದ ಹೊತ್ತಿಗೆ ಹಾಸಿದ ತೆಳುವಾದ ಪದರದಲ್ಲಿದೆ.

ಚಕ್ರ ರಸ್ತೆಯನ್ನು ಹಿಡಿಯುವುದು ಎರಡು ಬಗೆಯ ಒರಟುತನದಿಂದ. ಮೊದಲನೆಯದು ಜಲ್ಲಿಕಲ್ಲಿನ ಮೈಮೇಲೆಯೇ ಇರುವ, ಅರ್ಧ ಮಿಲಿಮೀಟರಿಗಿಂತ ಸಣ್ಣದಾದ, ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ತಿಳಿಯುವ ತರಿ. ಎರಡನೆಯದು ಕಲ್ಲಿಗೂ ಕಲ್ಲಿಗೂ ನಡುವೆ ಉಳಿಯುವ ಸಂದು. ತರಿಯ ಕೆಲಸ ನೀರಿನ ತೆಳು ಪೊರೆಯನ್ನು ಸೀಳಿ ರಬ್ಬರನ್ನು ಮುಟ್ಟುವುದು. ಸಂದಿನ ಕೆಲಸ ಟೈರಿನ ಅಡಿಗೆ ಸಿಕ್ಕಿಕೊಂಡ ನೀರಿಗೆ ಹೊರಗೆ ಹೋಗಲು ದಾರಿ ಕೊಡುವುದು. ನಿಧಾನವಾಗಿ ಹೋಗುವ ಗಾಡಿಗೆ ತರಿಯೊಂದಿದ್ದರೂ ನಡೆದೀತು, ಏಕೆಂದರೆ ನೀರು ಜಾರಿಹೋಗಲು ಸಾಕಷ್ಟು ಸಮಯವಿರುತ್ತದೆ. ವೇಗ ಏರಿದಂತೆ ಆ ಸಮಯ ಕಡಿಮೆಯಾಗುತ್ತದೆ; ಸಂದಿಲ್ಲದ ಚಪ್ಪಟೆ ಮೇಲ್ಮೈಯಲ್ಲಿ ನೀರಿನ ಒತ್ತಡವೇ ಟೈರನ್ನು ಎತ್ತಿ ಹಿಡಿಯತೊಡಗುತ್ತದೆ, ಆಗ ಬ್ರೇಕೂ ಸ್ಟಿಯರಿಂಗೂ ಹೆಸರಿಗೆ ಮಾತ್ರ ಉಳಿಯುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿಯ ಬ್ರೇಕು ಒತ್ತಿದ ಕ್ಷಣದಿಂದ ಲೆಕ್ಕ ಹಾಕಿದರೆ, ಘರ್ಷಣಾಂಕ (ಚಕ್ರಕ್ಕೆ ಸಿಗುವ ಹಿಡಿತದ ಅಳತೆ) 0.7 ಇರುವ ಒಣ ರಸ್ತೆಯಲ್ಲಿ ಅದು ನಿಲ್ಲಲು ಸುಮಾರು 20 ಮೀಟರು ಬೇಕು, ಘರ್ಷಣಾಂಕ 0.35ಕ್ಕೆ ಇಳಿದರೆ 40 ಮೀಟರು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇದೇ ಲೆಕ್ಕ 36 ಮೀಟರು ಮತ್ತು 72 ಮೀಟರು ಆಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವವರೆಗಿನ ಅವಧಿ ಇದರಲ್ಲಿ ಸೇರಿಲ್ಲ. ದೇಶದ ರಸ್ತೆಗಳಿಗೆ ನಿಯಮ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ನಿಯಮಗಳು ಅದಕ್ಕೆಂದು ಎರಡೂವರೆ ಸೆಕೆಂಡು ಹಿಡಿಯುತ್ತವೆ.

ಹೊಸ ಡಾಂಬರಿನ ವಿಚಾರದಲ್ಲಿ ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಹಾಸಿದ ಮೊದಲ ಕೆಲವು ವಾರಗಳಲ್ಲಿ ಪ್ರತಿಯೊಂದು ಕಲ್ಲಿನ ಮೇಲೂ ಡಾಂಬರಿನ ಪೊರೆ ಅಂಟಿಕೊಂಡಿರುತ್ತದೆ, ಕಲ್ಲಿನ ತರಿ ಅದರಡಿಯಲ್ಲಿ ಮುಚ್ಚಿಹೋಗಿರುತ್ತದೆ. ವಾಹನಗಳು ಓಡಾಡಿ ಪೊರೆ ಸವೆದು ಕಲ್ಲು ಬಯಲಾದ ಮೇಲೆಯೇ ರಸ್ತೆಗೆ ಅದರ ಪೂರ್ಣ ಹಿಡಿತ ಬರುವುದು. ಅಂದರೆ ನಾವು ಮೆಚ್ಚಿ ನೋಡುವ ಆ ಮಿರಮಿರ ಹೊಳಪಿನ ದಿನಗಳಲ್ಲೇ, ಅದೂ ಹಸ್ತ ಚಿತ್ತೆಯ ಮಳೆ ಸುರಿಯುವ ಕಾಲದಲ್ಲೇ, ರಸ್ತೆ ಹೆಚ್ಚು ಜಾರುತ್ತಿರುತ್ತದೆ. ಜರ್ಮನಿಯಲ್ಲಿ ಸ್ಟೋನ್ ಮ್ಯಾಟ್ರಿಕ್ಸ್ ಆಸ್ಫಾಲ್ಟ್ ಎಂಬ, ದಪ್ಪ ಜಲ್ಲಿಯೇ ಹೆಚ್ಚಿರುವ ಡಾಂಬರು ಮಿಶ್ರಣವನ್ನು ಹಾಸಿದ ಕೂಡಲೇ, ಅದು ಬಿಸಿಯಿರುವಾಗಲೇ, ಸಣ್ಣ ಕಲ್ಲುಹರಳನ್ನು ಉದುರಿಸಿ ರೋಲರು ಓಡಿಸುವ ಪದ್ಧತಿ ಇರುವುದು ಈ ಕಾರಣಕ್ಕೇ.

ಪೊರೆ ಸವೆದ ಮೇಲೂ ಕಥೆ ಮುಗಿಯುವುದಿಲ್ಲ. ಆಮೇಲೆ ಕಲ್ಲೇ ಸವೆಯತೊಡಗುತ್ತದೆ. ಎಲ್ಲ ಕಲ್ಲೂ ಒಂದೇ ರೀತಿ ಸವೆಯುವುದಿಲ್ಲ. ಸುಣ್ಣಕಲ್ಲು ಬೇಗ ನುಣ್ಣಗಾಗುತ್ತದೆ. ನಮ್ಮ ಮೈಸೂರು ಮಂಡ್ಯ ಸೀಮೆಯ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ ಮತ್ತು ಗ್ರಾನೈಟ್ ಶಿಲೆಗಳಲ್ಲಿ ಗಡಸಾದ ಕ್ವಾರ್ಟ್ಜ್ ಕಣಗಳೂ ಅದಕ್ಕಿಂತ ಮೆದುವಾದ ಖನಿಜಗಳೂ ಬೆರೆತಿರುವುದರಿಂದ ಒಂದು ಸವೆದರೆ ಇನ್ನೊಂದು ಎದ್ದು ನಿಲ್ಲುತ್ತದೆ, ಹಾಗಾಗಿ ತರಿ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ. ಹಾಗೆಂದು ಕ್ರಷರಿನಿಂದ ಬಂದ ಪ್ರತಿ ಲೋಡನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಲಾಗದು, ಒಂದೇ ಕ್ವಾರಿಯ ಎರಡು ಮೂಲೆಗಳ ಕಲ್ಲಿನಲ್ಲೇ ವ್ಯತ್ಯಾಸ ಕಾಣುವುದುಂಟು. ಇದನ್ನು ಅಳೆಯಲು ಪಾಲಿಶ್ಡ್ ಸ್ಟೋನ್ ವ್ಯಾಲ್ಯೂ ಎಂಬ ಪರೀಕ್ಷೆಯಿದೆ: ಕಲ್ಲುಹರಳುಗಳನ್ನು ಅಚ್ಚಿನಲ್ಲಿ ಜೋಡಿಸಿ ಚಕ್ರಕ್ಕೆ ಕಟ್ಟಿ, ಮೂರು ಗಂಟೆ ದಪ್ಪ ಎಮರಿ, ಮೂರು ಗಂಟೆ ನಯವಾದ ಎಮರಿ ಹಾಕಿ ರಬ್ಬರಿನ ಚಕ್ರದಿಂದ ಉಜ್ಜಿ, ಕೊನೆಗೆ ಒದ್ದೆ ಮಾಡಿ, ಲೋಲಕದಂತೆ ತೂಗಿ ಬರುವ ರಬ್ಬರು ಕಾಲಿನ ಉಪಕರಣದಿಂದ ಹಿಡಿತವನ್ನು ಓದಿಕೊಳ್ಳುವುದು. ಮೇಲ್ಪದರದ ಕಲ್ಲಿಗೆ ಈ ಅಂಕ 55ಕ್ಕೆ ಕಡಿಮೆ ಇರಬಾರದೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆ ಹೇಳುತ್ತದೆ. ಕಾಗದದ ಮೇಲೆ ಎಲ್ಲ ಟೆಂಡರಿನಲ್ಲೂ ಈ ಸಾಲು ಇರುತ್ತದೆ. ಪರೀಕ್ಷೆಗೆ ಬರುವ ಕಲ್ಲಿನ ಚೀಲಗಳಲ್ಲಿ ಇಂಪ್ಯಾಕ್ಟ್ ಪರೀಕ್ಷೆ (ಪೆಟ್ಟಿಗೆ ಕಲ್ಲು ಎಷ್ಟು ಪುಡಿಯಾಗುತ್ತದೆ ಎಂಬುದು) ಮಾಡಿಕೊಡಿ, ಚಪ್ಪಟೆ ಕಲ್ಲು ಎಷ್ಟಿದೆ ನೋಡಿಕೊಡಿ ಎಂಬ ಬೇಡಿಕೆ ದಂಡಿಯಾಗಿ ಬರುತ್ತದೆ, ಪಾಲಿಶಿಂಗ್ ಪರೀಕ್ಷೆಯನ್ನು ಕೇಳುವ ಪತ್ರ ಅಪರೂಪ.

ಕಲ್ಲು ನುಣ್ಣಗಾಗುವುದು ಎಲ್ಲೆಲ್ಲಿ ಎಂದು ತಿಳಿಯಲು ಉಪಕರಣವೂ ಬೇಡ. ಮೈಸೂರಿನ ಸುಮಾರು 42 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಯಲ್ಲಿ ಸಿಗ್ನಲ್ಲಿಗೆ ಸಮೀಪಿಸುವ ಐವತ್ತು ಅರವತ್ತು ಮೀಟರನ್ನು, ಅದಕ್ಕೂ ಹಿಂದಿನ ನೇರ ಭಾಗವನ್ನು ಹೋಲಿಸಿ ನೋಡಿ. ನಿತ್ಯ ಸಾವಿರಾರು ಗಾಡಿಗಳು ಬ್ರೇಕು ಒತ್ತುವ ಜಾಗದಲ್ಲಿ ಚಕ್ರ ಹಾಯುವ ಎರಡು ಪಟ್ಟಿಗಳು ಬೇರೆಯಾಗಿಯೇ ಕಾಣುತ್ತವೆ: ಕಲ್ಲಿನ ತಲೆ ಬಯಲಾಗಿ, ಸಂಜೆಯ ಓರೆ ಬಿಸಿಲಿಗೆ ಮಿಂಚುತ್ತದೆ, ಬೆರಳಿಟ್ಟರೆ ತರಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚುವರಿ ಡಾಂಬರು ಮೇಲೆ ಒಸರಿ ಸಂದು ತುಂಬಿಕೊಂಡ ಜಾಗಗಳು ಇನ್ನೂ ಕೆಟ್ಟವು. ಚಾಮುಂಡಿ ಬೆಟ್ಟದಿಂದ ಇಳಿಯುವ ತಿರುವುಗಳಲ್ಲಿ ಇಳಿಜಾರು, ಬ್ರೇಕು, ತಿರುಗುವ ಬಲ ಮೂರೂ ಒಟ್ಟಿಗೆ ಬೀಳುತ್ತವೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅಲ್ಲಿ ಸ್ಕೂಟರು ಇಳಿಸುವವರು ಕಾಲೆರಡನ್ನೂ ಕೆಳಗೆ ಬಿಟ್ಟುಕೊಂಡು ಬರುವುದನ್ನು ಯಾರು ಬೇಕಾದರೂ ನೋಡಬಹುದು.

ದ್ವಿಚಕ್ರ ವಾಹನದ ಮಾತು ಇಲ್ಲಿ ಮುಖ್ಯ. ಕೇಂದ್ರ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಸತ್ತವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ಸವಾರರು. ಕಾರಿನ ಚಕ್ರ ಒಮ್ಮೆ ಜಾರಿದರೆ ಕಾರು ಅಡ್ಡಡ್ಡ ಸರಿಯುತ್ತದೆ, ಬೈಕಿನ ಮುಂಚಕ್ರ ಜಾರಿದರೆ ಸವಾರ ನೆಲ ಕಾಣುತ್ತಾನೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಆ ನಿಷೇಧವನ್ನು ನಾನು ಒಪ್ಪುತ್ತೇನೆ. ಆದರೆ ಅದರ ಪರಿಣಾಮವಾಗಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಸವಾರರೆಲ್ಲ ಸರ್ವಿಸ್ ರಸ್ತೆಗೆ ಇಳಿದಿದ್ದಾರೆ, ಕಬ್ಬಿನ ಟ್ರ್ಯಾಕ್ಟರೂ ಅಲ್ಲಿಯೇ, ಬಸ್ಸೂ ಅಲ್ಲಿಯೇ. ಹಿಡಿತ ಹೆಚ್ಚಾಗಿ ಬೇಕಾಗಿರುವ ಗಾಡಿಗಳು ಓಡುವ ಈ ಪಕ್ಕದ ರಸ್ತೆಯ ಮೇಲ್ಮೈಯನ್ನು ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಅಳೆಯುವುದು ಅಷ್ಟೇನೂ ಕಷ್ಟವಲ್ಲ. ಮಂಡ್ಯದ ಆಚೆ, ನಾಲೆಯ ಬದಿಯ ಒಂದು ರಸ್ತೆಯಲ್ಲಿ ಬೆಳಗಿನ ಹೊತ್ತು ನಾವು ಮರಳಿನ ಪರೀಕ್ಷೆ ಮಾಡುತ್ತಿದ್ದೆವು. ಸಣ್ಣ ಬ್ರಷ್ಷಿನಿಂದ ಮೊಳದಗಲ ಜಾಗದ ಧೂಳು ತೆಗೆದು, ಅಳತೆಯ ಕೊಳವೆಯಲ್ಲಿ 25 ಘನ ಸೆಂಟಿಮೀಟರು ನಯವಾದ ಒಣ ಮರಳನ್ನು ತುಂಬಿ ಅಲ್ಲಿ ಸುರಿದು, ರಬ್ಬರು ಅಂಟಿಸಿದ ಮರದ ಬಿಲ್ಲೆಯಿಂದ ಸುತ್ತ ಸುತ್ತ ಉಜ್ಜುತ್ತ ಹೋದರೆ ಮರಳು ಸಂದುಗಳಿಗೆಲ್ಲ ಇಳಿದು ದುಂಡಗೆ ಹರಡಿಕೊಳ್ಳುತ್ತದೆ. ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದ ಹಿರಿಯರೊಬ್ಬರು ಕಾಲೂರಿ ನಿಂತು, ‘ಏನ್ ಸಾ, ರೋಡ್‌ಗೆ ರಂಗೋಲಿ ಬುಡ್ತಾ ಇದೀರಲ್ಲ’ ಎಂದರು. ಆ ವೃತ್ತದ ಅಡ್ಡಗಲ ಅಳೆದರೆ ಲೆಕ್ಕ ಮುಗಿಯಿತು: ಮರಳು ಎಷ್ಟು ಅಗಲ ಹರಡುತ್ತದೋ ರಸ್ತೆಯ ಸಂದು ಅಷ್ಟು ಕಡಿಮೆ. 18 ಸೆಂ.ಮೀ. ಅಡ್ಡಗಲ ಬಂದರೆ ಸಂದಿನ ಸರಾಸರಿ ಆಳ ಒಂದು ಮಿಲಿಮೀಟರಿನ ಹತ್ತಿರ, 25 ಸೆಂ.ಮೀ. ಬಂದರೆ ಅರ್ಧ ಮಿಲಿಮೀಟರು, 30 ಸೆಂ.ಮೀ. ಬಂದರೆ ಅದಕ್ಕೂ ಕಡಿಮೆ, ಅಂದರೆ ವೇಗದ ರಸ್ತೆಗೆ ಅದು ಸಾಲದು. ಚಕ್ರದ ಪಟ್ಟಿಯಲ್ಲೊಂದು, ಎರಡು ಪಟ್ಟಿಗಳ ನಡುವೆ ಇನ್ನೊಂದು ವೃತ್ತ ಹಾಕಿದಾಗ ಎರಡರ ಅಗಲ ಬೇರೆಯೆಂಬುದು ದೂರದಿಂದಲೇ ಕಾಣುತ್ತಿತ್ತು. ಯಾವ ವೃತ್ತ ದೊಡ್ಡದು ಎಂದು ಆ ಹಿರಿಯರೇ ಕೇಳಿದರು. ಚಕ್ರದ ಪಟ್ಟಿಯದ್ದು ಎಂದಾಗ, ‘ಅದೇ ಮತ್ತೆ, ಮಳೇಲಿ ಅಲ್ಲೇ ಜಾರೋದು’ ಎಂದು ಹೊರಟರು.

ಇಷ್ಟು ತಿಳಿದ ಮೇಲೆ ಮಾಡಬೇಕಾದದ್ದು ಏನು? ರಸ್ತೆಯ ಬುಡ ಗಟ್ಟಿಯಾಗಿದ್ದು ಮೈ ಮಾತ್ರ ಸವೆದಿದ್ದರೆ 40 ಮಿಲಿಮೀಟರಿನ ಹೊಸ ಪದರ ಬೇಕಿಲ್ಲ. ಫ್ರಾನ್ಸಿನ ಎಂಜಿನಿಯರುಗಳು ಈ ದಾರಿಯನ್ನು ಬಹಳ ಹಿಂದೆಯೇ ಹಿಡಿದರು. ಅವರ ಅತಿ ತೆಳು ಡಾಂಬರು ಪದರ 20ರಿಂದ 25 ಮಿ.ಮೀ. ದಪ್ಪದ್ದು. ಅದರಲ್ಲಿ ನಡುಗಾತ್ರದ ಜಲ್ಲಿಯನ್ನು ಬೇಕೆಂದೇ ಕೈಬಿಟ್ಟಿರುತ್ತಾರೆ, ದೊಡ್ಡ ಹರಳುಗಳ ನಡುವೆ ಸಂದು ಉಳಿಯಲಿ ಎಂದು. 1986ರಲ್ಲಿ ಅಲ್ಲಿಯೇ ಹುಟ್ಟಿದ ಇನ್ನೊಂದು ಬಗೆಯಲ್ಲಿ ಪೇವರ್ ಯಂತ್ರವೇ ಪಾಲಿಮರ್ ಬೆರೆಸಿದ ಎಮಲ್ಷನ್ನನ್ನು (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆತ ಡಾಂಬರು) ಧಾರಾಳವಾಗಿ ಸಿಂಪಡಿಸುತ್ತ, ಅದರ ಬೆನ್ನಿಗೇ 10ರಿಂದ 20 ಮಿ.ಮೀ. ಬಿಸಿ ಮಿಶ್ರಣವನ್ನು ಹಾಸಿಕೊಂಡು ಹೋಗುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದಿರುವುದು ಮೈಕ್ರೋ ಸರ್ಫೇಸಿಂಗ್. ಇದರಲ್ಲಿ ಬಿಸಿ ಮಾಡುವ ಕೆಲಸವೇ ಇಲ್ಲ. ಲಾರಿಯ ಮೇಲೆ ಕೂರಿಸಿದ ಯಂತ್ರ ಕಲ್ಲುಪುಡಿ, ಪಾಲಿಮರ್ ಎಮಲ್ಷನ್, ನೀರು, ಸ್ವಲ್ಪ ಸಿಮೆಂಟು ಕಲಸಿ ಹಿಂದಿನ ಪೆಟ್ಟಿಗೆಯಿಂದ ಹರಡುತ್ತದೆ, ಮೊದಲು ಕಂದು ಬಣ್ಣದಲ್ಲಿರುವ ಅದು ನೀರು ಬಿಟ್ಟುಕೊಂಡು ಕಪ್ಪಾದ ಮೇಲೆ, ಒಂದೆರಡು ಗಂಟೆಯಲ್ಲಿ ವಾಹನ ಬಿಡಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 81 ಮಾರ್ಗಸೂಚಿಯಂತೆ ಇದರ ಎರಡನೆಯ ದರ್ಜೆ 4ರಿಂದ 6 ಮಿ.ಮೀ., ಮೂರನೆಯ ದರ್ಜೆ 6ರಿಂದ 8 ಮಿ.ಮೀ. ದಪ್ಪ.

ಇವೆಲ್ಲಕ್ಕಿಂತ ತೆಳುವಾದದ್ದೂ ದುಬಾರಿಯಾದದ್ದೂ ಇನ್ನೊಂದಿದೆ. ಬಾಕ್ಸೈಟ್ ಅದಿರನ್ನು 1500 ಡಿಗ್ರಿಗೂ ಮೇಲೆ ಸುಟ್ಟು, ಪುಡಿಮಾಡಿ, 1ರಿಂದ 3 ಮಿ.ಮೀ. ಗಾತ್ರದ ಹರಳುಗಳನ್ನು ಎಪಾಕ್ಸಿ ಅಂಟಿನ ಮೇಲೆ ಉದುರಿಸುವುದು. ಸುಟ್ಟ ಬಾಕ್ಸೈಟಿಗೆ ಸಾಮಾನ್ಯ ಜಲ್ಲಿ ಸಾಟಿಯಿಲ್ಲ, ವರ್ಷಗಟ್ಟಲೆ ಬ್ರೇಕು ತಿಂದರೂ ಅದರ ತರಿ ಸುಲಭಕ್ಕೆ ಹೋಗದು. ಇದನ್ನು 1960ರ ದಶಕದಲ್ಲಿ ಲಂಡನ್ನಿನ ಅಪಘಾತದ ಕೂಡುರಸ್ತೆಗಳಲ್ಲಿ ಬಳಸತೊಡಗಿದರು. ಅಮೆರಿಕದ ಹೆದ್ದಾರಿ ಆಡಳಿತ 2013ರಿಂದ ಇದನ್ನು ರಾಜ್ಯಗಳಿಗೆ ಒತ್ತಿ ಹೇಳಿ ತಿರುವುಗಳಲ್ಲಿ ಹಾಕಿಸಿತು, ಅಂಥ ತಿರುವುಗಳಲ್ಲಿ ಒದ್ದೆ ರಸ್ತೆಯ ಅಪಘಾತಗಳು ಅರ್ಧಕ್ಕಿಂತ ಹೆಚ್ಚು ತಗ್ಗಿದವು. ಊರಿಡೀ ಹಾಸುವ ಸಾಮಗ್ರಿ ಇದಲ್ಲ. ಬೆಟ್ಟದ ಒಂದು ತಿರುವಿಗೆ, ಸಿಗ್ನಲ್ಲಿಗೆ ಸಮೀಪಿಸುವ ಐವತ್ತು ಮೀಟರಿಗೆ, ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಬಾಗಿಗೆ ಮಾತ್ರ ಇದರ ಖರ್ಚು ಸಮಂಜಸ. ನನ್ನನ್ನು ಕೇಳಿದರೆ ಮೈಸೂರಿನಲ್ಲಿ ಮೊದಲ ಪ್ರಯೋಗ ಚಾಮುಂಡಿ ಬೆಟ್ಟದ ಇಳಿತಿರುವಿನಲ್ಲೇ ಆಗಬೇಕು.

ತೆಳು ಪದರದ ಇನ್ನೊಂದು ಗುಣ ಕಲ್ಲಿನ ಉಳಿತಾಯ. ಏಳು ಮೀಟರು ಅಗಲದ ಒಂದು ಕಿಲೋಮೀಟರು ರಸ್ತೆಗೆ 40 ಮಿ.ಮೀ. ಹಾಸಲು ಸುಮಾರು 650 ಟನ್ನು ಮಿಶ್ರಣ ಬೇಕು, 20 ಮಿ.ಮೀ. ಆದರೆ ಅದರ ಅರ್ಧ, ಮೈಕ್ರೋ ಸರ್ಫೇಸಿಂಗ್ ಆದರೆ ಸುಮಾರು 100 ಟನ್ನಿನ ಆಸುಪಾಸು. ಬೇಬಿ ಬೆಟ್ಟದ ಸುತ್ತಲಿನ ಕ್ರಷರುಗಳ ತಕರಾರು, ಕನ್ನಂಬಾಡಿ ಕಟ್ಟೆಯ 20 ಕಿ.ಮೀ. ಸುತ್ತ ಕಲ್ಲು ಗಣಿಗಾರಿಕೆಗೆ 2024ರ ಜನವರಿಯಲ್ಲಿ ಹೈಕೋರ್ಟು ಹಾಕಿದ ತಡೆ ಇವೆಲ್ಲವನ್ನೂ ನೋಡಿರುವ ಮಂಡ್ಯದವರಿಗೆ ಜಲ್ಲಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಪದರದ ಮೇಲೆ ಪದರ ಏರಿ ರಸ್ತೆ ಎತ್ತರವಾಗುತ್ತ, ಮನೆಯ ಹೊಸಿಲು ತಗ್ಗಾಗುತ್ತ, ಮಳೆನೀರಿನ ಚರಂಡಿಯ ಬಾಯಿ ಮುಚ್ಚಿಹೋಗುತ್ತ ಬಂದಿರುವ ಹಳೆಯ ಬಡಾವಣೆಗಳಿಗೆ ಎಂಟು ಮಿಲಿಮೀಟರು ದೊಡ್ಡ ಉಪಕಾರವೇ ಸರಿ.

ಇನ್ನು ಇದು ಕೈಕೊಡುವ ಸಂದರ್ಭಗಳನ್ನು ಹೇಳದಿದ್ದರೆ ನಾನು ಮಾರಾಟಗಾರನಾಗುತ್ತೇನೆ. ತೆಳು ಪದರ ರಸ್ತೆಗೆ ಬಲ ಕೊಡುವುದಿಲ್ಲ. ನಾಲೆಯ ಬಯಲಿನಲ್ಲಿ ಗದ್ದೆಯ ನೀರು ರಸ್ತೆಯ ಬುಡಕ್ಕೆ ಒಸರಿ, ಮಣ್ಣು ಮೆತ್ತಗಾಗಿ, ಮೇಲೆ ಜಾಲದಂಥ ಬಿರುಕು ಕಾಣಿಸಿಕೊಂಡಿದ್ದರೆ ಅಲ್ಲಿ ಮೈಕ್ರೋ ಸರ್ಫೇಸಿಂಗ್ ಹಾಸುವುದು ದುಡ್ಡು ಸುರಿದಂತೆಯೇ. ಮೊದಲು ನೀರಿಗೆ ದಾರಿ, ಆಮೇಲೆ ಬುಡದ ರಿಪೇರಿ, ಕೊನೆಗೆ ಮೇಲ್ಮೈ. ಬೆಂಕೆಲ್‌ಮನ್ ಬೀಮ್ ಇಟ್ಟು ಲೋಡು ಲಾರಿಯ ಚಕ್ರದಡಿ ರಸ್ತೆ ಎಷ್ಟು ಬಾಗುತ್ತದೆಂದು ನೋಡಿದರೆ ಯಾವುದು ಯಾವ ಗುಂಪಿಗೆ ಸೇರುತ್ತದೆಂದು ಅರ್ಧ ದಿನದಲ್ಲಿ ತಿಳಿಯುತ್ತದೆ.

ಎರಡನೆಯ ತೊಡಕು ಅಂಟು. ದಪ್ಪನೆಯ ಪದರ ತನ್ನ ತೂಕದಿಂದಲಾದರೂ ಕುಳಿತಿರುತ್ತದೆ. 15 ಮಿಲಿಮೀಟರಿನ ಪದರ ಕೆಳಗಿನದಕ್ಕೆ ಅಂಟದಿದ್ದರೆ ಬ್ರೇಕಿನ ಎಳೆತಕ್ಕೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಧೂಳು ಗುಡಿಸದೆ ಎಮಲ್ಷನ್ ಚಿಮುಕಿಸುವುದು, ಲೀಟರು ಉಳಿಸಲು ಅಲ್ಲಲ್ಲಿ ಬಿಟ್ಟು ಹೋಗುವುದು ನಮ್ಮಲ್ಲಿ ಹೊಸದೇನಲ್ಲ, ಒಂದು ಕೆಲಸದಲ್ಲಿ ಬಕೆಟ್ಟಿನಿಂದ ಎರಚಿದ್ದನ್ನೂ ನಾನು ಕಂಡಿದ್ದೇನೆ. ಮೂರನೆಯದು ಬಿಸಿ. ಮಿಶ್ರಣ ಸುಮಾರು 90 ಡಿಗ್ರಿಗೆ ಇಳಿಯುವ ಮೊದಲೇ ರೋಲಿಂಗ್ ಮುಗಿದಿರಬೇಕು, ಆದರೆ ಪದರ ತೆಳುವಾದಷ್ಟೂ ಅದು ಬೇಗ ಆರುತ್ತದೆ. ದಪ್ಪ ಅರ್ಧವಾದರೆ ಸಿಗುವ ಸಮಯ ಅರ್ಧಕ್ಕಿಂತಲೂ ಎಷ್ಟೋ ಕಡಿಮೆ. ಐವತ್ತು ಮಿಲಿಮೀಟರಿಗೆ ಒಗ್ಗಿದ ರೋಲರ್ ಚಾಲಕ ಬೀಡಿ ಸೇದಿ ಬರುವಷ್ಟರಲ್ಲಿ 20 ಮಿಲಿಮೀಟರಿನ ಪದರ ಗಟ್ಟಿಯಾಗಿ ಕೂತಿರುತ್ತದೆ, ಆಮೇಲೆ ವೈಬ್ರೇಷನ್ ಹಾಕಿ ಒತ್ತಿದರೆ ಕಲ್ಲೇ ಒಡೆಯುತ್ತದೆ. ಎಮಲ್ಷನ್ ಆಧಾರದ ಕೆಲಸಕ್ಕೆ ಮಳೆಯೇ ಶತ್ರು. ಹಾಸಿದ ಒಂದು ಗಂಟೆಯೊಳಗೆ ಜೋರು ಮಳೆ ಬಂದರೆ ಚರಂಡಿಯಲ್ಲಿ ಕಪ್ಪು ನೀರು ಹರಿಯುವುದನ್ನು ನೋಡಬೇಕಾಗುತ್ತದೆ. ಸಂಕ್ರಾಂತಿ ಕಳೆದು ಭರಣಿ ಮಳೆ ಬರುವವರೆಗಿನ ಒಣ ತಿಂಗಳುಗಳು ಇದಕ್ಕೆ ಹೇಳಿಮಾಡಿಸಿದ ಕಾಲ. ಬಿಲ್ಲು ಮಾರ್ಚಿನಲ್ಲಿ, ಕೆಲಸ ಹಬ್ಬದ ಮುಂಚೆ ಎನ್ನುವ ನಮ್ಮ ಕ್ಯಾಲೆಂಡರು ಮಾತ್ರ ಬೇರೆ.

ಡಾಂಬರಿನಿಂದ ಸರಿಹೋಗದ ಜಾರಿಕೆಯೂ ನಮ್ಮ ಕಡೆ ಇದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ರಸ್ತೆಗೆ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರು ಒಂದು ಫರ್ಲಾಂಗು ದೂರ ಕೆಸರನ್ನು ಮೆತ್ತಿಕೊಂಡು ಹೋಗುತ್ತದೆ. ಎಂಥ ತರಿಯ ಕಲ್ಲನ್ನೇ ಹಾಕಿದರೂ ಹುಲ್ಲಿನ ಅಡಿಯಲ್ಲಿ ಅದಕ್ಕೆ ಕೆಲಸವಿಲ್ಲ. ಊರಿಗೊಂದು ಒಳ್ಳೆಯ ಕಣ ಕಟ್ಟಿಸಿಕೊಡುವುದು ಅಲ್ಲಿ ಎಲ್ಲ ಎಂಜಿನಿಯರಿಂಗಿಗಿಂತ ಅಗ್ಗ.

ಟೆಂಡರಿನಲ್ಲಿ ಬದಲಾಗಬೇಕಾದದ್ದು ಹೆಚ್ಚಿಲ್ಲ. ಈಗ ಗುತ್ತಿಗೆದಾರನಿಗೆ ಹಣ ಸಿಗುವುದು ದಪ್ಪಕ್ಕೆ, ಸಾಂದ್ರತೆಗೆ, ಡಾಂಬರಿನ ಶೇಕಡಾವಾರಿಗೆ. ಇವುಗಳ ಜೊತೆ ಮರಳಿನ ಪರೀಕ್ಷೆಯ ಆಳವನ್ನೂ ಲೋಲಕದ ಅಂಕವನ್ನೂ ಹಾಸುವ ಮೊದಲೊಮ್ಮೆ, ವಾಹನ ಬಿಟ್ಟು ಮೂರು ತಿಂಗಳಾದಾಗ ಒಮ್ಮೆ, ದೋಷ ಸರಿಪಡಿಸುವ ಹೊಣೆಯ ಅವಧಿ ಮುಗಿಯುವಾಗ ಮತ್ತೊಮ್ಮೆ ಚಕ್ರದ ಪಟ್ಟಿಯಲ್ಲೇ ಅಳೆದು ಪುಸ್ತಕದಲ್ಲಿ ಬರೆಯಬೇಕು ಎಂಬ ಷರತ್ತು ಸೇರಿದರೆ, ಕಲ್ಲು ಎಲ್ಲಿಂದ ತರಬೇಕೆಂಬುದನ್ನು ಗುತ್ತಿಗೆದಾರನೇ ಯೋಚಿಸುತ್ತಾನೆ. ಬಾಕ್ಸೈಟಿನಂಥ ಕೆಲಸಕ್ಕೆ ಇನ್ನೊಂದು ಷರತ್ತೂ ಬೇಕು: ಅಂಟು ಬಿಗಿದ ಮೇಲೆ ಉಳಿದ ಬಿಡಿ ಹರಳನ್ನು ಯಂತ್ರದಿಂದ ಹೀರಿ ತೆಗೆಯಬೇಕು, ಮೊದಲ ಕೆಲವು ದಿನ ದಿನಾಲೂ ಗುಡಿಸಬೇಕು, ಗುಡಿಸುವವರೆಗೆ ಬೈಕುಗಳಿಗೆ ಎಚ್ಚರಿಕೆಯ ಫಲಕವಿರಬೇಕು. ತಿರುವಿನ ಅಂಚಿನಲ್ಲಿ ಒಂದು ಹಿಡಿ ಬಿಡಿ ಹರಳು ಉಳಿದರೂ ಸ್ಕೂಟರಿನ ಮುಂಚಕ್ರ ಜಾರಲು ಅಷ್ಟೇ ಸಾಕು.